ಕುಮಾರ ಪರ್ವತದ ತುದಿಯಲ್ಲಿ ಈ ಸಲವೂ ಮಟಮಟ ಮಧ್ಯಾಹ್ನ: ಫೋಟೊ ತೆಗೆಯೋರು ಏನು ಮಾಡ್ತೀರಿ?

ಹರಿಹರದ ಅಲೆಮಾರಿ · ನವೆಂಬರ್ 17, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮೊನ್ನೆ ಮೂರನೇ ಸಲ ಕುಮಾರ ಪರ್ವತ ಹತ್ತಿ ಇಳಿದೆ. ಮೊಣಕಾಲು ಇನ್ನೂ ಬೈತಾನೇ ಇದೆ. ಒಂಬತ್ತು ಫೋಟೊ ಹಾಕಿದ್ದೀನಿ, ನೋಡಿ ಬೈಯೋರು ಬೈಯಿರಿ. ಆದರೆ ಬೈಯೋಕೆ ಮುಂಚೆ ನನ್ನ ತಕರಾರು ಕೇಳಿ.

ನಾನು ಫೋಟೊಗ್ರಾಫರ್ ಏನಲ್ಲ. ವಾರಕ್ಕೆ ಆರು ದಿನ ಕೆಲಸ, ವರ್ಷಕ್ಕೆ ನಾಲ್ಕೈದು ಬೆಟ್ಟ. ಕ್ಯಾಮೆರಾ ಸೆಕೆಂಡ್ ಹ್ಯಾಂಡು, ಅದರ ಜೊತೆ ಬಂದ 18-55 ಲೆನ್ಸು, ಆಮೇಲೆ ಮನೇಲಿ ಹೇಳದೆ ಕೊಂಡ, ದೂರದ್ದನ್ನ ಹತ್ತಿರ ತೋರಿಸೋ 55-250 ಲೆನ್ಸು. ಇಷ್ಟೇ ಬಂಡವಾಳ.

ದಾರಿಯ ಕಥೆ ಚುಟುಕಾಗಿ: ಕುಕ್ಕೆಯಲ್ಲಿ ರಾತ್ರಿ ಉಳಿದು ಬೆಳಿಗ್ಗೆ ದೇವರಗದ್ದೆ ದಾಟಿ ಕಾಡು ಹೊಕ್ಕಾಗ ಆರು ಗಂಟೆ ಕಳೆದಿತ್ತು. ಮೊದಲ ನಾಲ್ಕೈದು ಕಿಲೋಮೀಟರ್ ಬರೀ ಮರದ ಬೇರು, ಕಲ್ಲು, ಬೆವರು. ಆಕಾಶ ಕಾಣಲ್ಲ. ಭಟ್ಟರ ಮನೆ ಮುಟ್ಟಿದಾಗ ಒಂಬತ್ತು. ಅಲ್ಲಿಂದ ಮೇಲೆ ಚೆಕ್‌ಪೋಸ್ಟ್. ಚೀಲ ತೆರೆಸಿ ಪ್ಲಾಸ್ಟಿಕ್ ಎಣಿಸಿ ಬಿಟ್ಟರು. ಆಮೇಲೆ ಬಯಲು ಹುಲ್ಲುಗುಡ್ಡ, ನೆರಳಿಗೆ ಒಂದು ಪೊದೆಯೂ ಇಲ್ಲ. ಕಲ್ಲು ಮಂಟಪಕ್ಕೆ ಹನ್ನೊಂದು, ಶೇಷ ಪರ್ವತಕ್ಕೆ ಹನ್ನೆರಡು ಚಿಲ್ಲರೆ. ಮಂಟಪದಲ್ಲಿ ಕೂತು ಎದುರಿಗೆ ಕಾಣೋದನ್ನೇ ತುದಿ ಅಂದುಕೊಂಡು ಹತ್ತಿ, ಮೇಲೆ ಹೋದ ಮೇಲೆ "ಇದು ಶೇಷ ಪರ್ವತ, ನಿಜವಾದದ್ದು ಅಲ್ಲಿ ಹಿಂದಿದೆ" ಅಂತ ಗೊತ್ತಾಗಿ ಮುಖ ಸಪ್ಪಗಾಗೋದು ಈ ಬೆಟ್ಟದ ಸಂಪ್ರದಾಯ. ಮೊದಲ ಸಲ ನನಗೂ ಆಗಿತ್ತು. ಅಲ್ಲಿಂದ ಶೋಲಾ, ಅಂದರೆ ಗುಡ್ಡದ ಮಡಿಕೆಯಲ್ಲಿ ಬೆಳೆಯೋ ಕುಳ್ಳ ಮರಗಳ ಕಾಡೊಳಗೆ ಇಳಿದು, ಬಂಡೆ ಏರಿ, 1712 ಮೀಟರ್ ಎತ್ತರದ ತುದಿಯಲ್ಲಿ ನಿಂತಾಗ ಗಂಟೆ ಒಂದಕ್ಕೆ ಹತ್ತು ನಿಮಿಷ.

ತಕರಾರು ಇದೇ. ಮೂರು ಸಲವೂ ನಾನು ತುದಿಯಲ್ಲಿ ಇದ್ದದ್ದು ಹನ್ನೆರಡೂವರೆಯಿಂದ ಒಂದೂವರೆ ಒಳಗೆ. ಬೆಳಗಿನ ಚಿನ್ನದ ಬೆಳಕು ಬಿದ್ದಾಗ ನಾನು ಕಾಡೊಳಗೆ ಬೇರು ಎಡವುತ್ತಾ ಇರ್ತೀನಿ. ಸಂಜೆಯ ಬೆಳಕು ಬಂದಾಗ ಅದೇ ಕಾಡೊಳಗೆ ಅದೇ ಬೇರು ಎಡವುತ್ತಾ ಇಳೀತಿರ್ತೀನಿ. ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ, ಕತ್ತಲಾಗೋದರೊಳಗೆ ಕೆಳಗಿರಬೇಕು. ನಿಯಮ ತಪ್ಪು ಅಂತ ಹೇಳ್ತಿಲ್ಲ. ಆದರೆ ಬೆಟ್ಟದ ಫೋಟೊ ಅಂದರೆ ಬೆಳಕು ತಾನೆ? ಆ ಬೆಳಕು ಇರುವ ಹೊತ್ತಲ್ಲಿ ನಾವು ಅಲ್ಲಿರೋದೇ ಇಲ್ಲ.

ಚಿತ್ರ 1, 2: ಭಟ್ಟರ ಮನೆಯಿಂದ ಕಂಡ ಗುಡ್ಡ.
ಚಿತ್ರ 3: ಕಲ್ಲು ಮಂಟಪ. ಆಕಾಶ ಪೂರ್ತಿ ಬಿಳಿ, ಸುಟ್ಟು ಹೋಗಿದೆ.
ಚಿತ್ರ 4ರಿಂದ 7: ಶೇಷ ಪರ್ವತದ ಕಡಿದಾದ ಬದಿ, ಕೆಳಗೆ ಮೋಡ.
ಚಿತ್ರ 8: ತುದಿ. ಪಾಸ್‌ಪೋರ್ಟ್ ಫೋಟೊ ಥರ ಬೆಳಕು.
ಚಿತ್ರ 9: ಇಳಿಯುವಾಗ ಶೋಲಾದೊಳಗೆ, ಕೈ ನಡುಗಿದ್ದು.

ಸುಳ್ಯದ ಅಡಿಕೆ · ನವೆಂಬರ್ 17, ರಾತ್ರಿ 11:05

ಒಂದೇ ದಿನದಲ್ಲಿ ಹತ್ತಿ ಇಳಿದ್ರಾ ಮಾರಾಯ್ರೆ? ನಿಮ್ಮ ಮೊಣಗಂಟು ಕಬ್ಬಿಣದ್ದಾ ಎಂತ? ಕುಕ್ಕೆ ಕಡೆಯಿಂದ ಒಂದು ಬದಿಗೇ ಹದಿಮೂರು ಕಿಲೋಮೀಟರ್ ಹತ್ತಿರ ಉಂಟು.

ಫೋಟೊ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಆದ್ರೆ 9ನೇದು ಒಳ್ಳೆದುಂಟು, ನಡುಗಿದ್ದಾದ್ರೂ ತೊಂದರೆ ಇಲ್ಲ. ಆ ಪಾಚಿ ಹಿಡಿದ ಮರ ನೋಡಿದ್ರೆ ಚಳಿ ಆಗ್ತದೆ. ಉಳಿದದ್ದೆಲ್ಲ ಕ್ಯಾಲೆಂಡರಿನ ಹಾಗೆ. ಬೇಜಾರ್ ಮಾಡ್ಬೇಡಿ.

ಧಾರವಾಡ ಪೇಡೆ · ನವೆಂಬರ್ 17, ರಾತ್ರಿ 11:31

ಅಣ್ಣಾರ, ನಿಮ್ಮ ಸಂಕಟ ನನಗ ತಿಳೀತದ. ನಾವು ಕಾಲೇಜಿನ್ಯಾಗ ಇದ್ದಾಗ, 2009ರಾಗ, ಮ್ಯಾಲೆ ಟೆಂಟ್ ಹಾಕಿ ಮಲಗಿದ್ವಿ. ಆವಾಗ ಯಾರೂ ಕೇಳ್ತಿರಲಿಲ್ಲ. ರಾತ್ರಿ ಗಾಳಿ ಎಷ್ಟಿತ್ತಂದ್ರ ಟೆಂಟಿನ ಒಂದು ಮೂಲಿ ಹಿಡಕೊಂಡು ಇಬ್ಬರು ಪಾಳಿ ಮ್ಯಾಲೆ ಕುಂತಿದ್ವಿ. ಮುಂಜಾನೆ ಎದ್ದು ನೋಡಿದ್ರ ಕೆಳಗ ಬರೇ ಮೋಡ, ಹತ್ತಿ ಹಾಸಿದಂಗ, ಅದರಾಗ ಗುಡ್ಡದ ತಲಿಗಳು ನಡುಗಡ್ಡೆ ಆಗ್ಯಾವ. ಫೋಟೊ ತಗದೀನ್ರಿ, ಎರಡು ಮೆಗಾಪಿಕ್ಸೆಲ್ ಫೋನಿನ್ಯಾಗ. ಈಗ ತೆಗೆದು ನೋಡಿದ್ರ ಯಾರೋ ಅಂಬಲಿ ಚೆಲ್ಲಿದಂಗ ಕಾಣ್ತದ. ನನಗ ಬೆಳಕಿತ್ತು, ಕ್ಯಾಮೆರಾ ಇರಲಿಲ್ಲ. ನಿಮಗ ಕ್ಯಾಮೆರಾ ಅದ, ಬೆಳಕಿಲ್ಲ.

ರಿಂಗ್ ರೋಡ್ ಚಾರಣಿಗ · ನವೆಂಬರ್ 18, ಬೆಳಿಗ್ಗೆ 8:15

ನನಗನಿಸೋದು ಹೇಳ್ತೀನಿ, ಯಾರಿಗೆ ಸಿಟ್ಟು ಬಂದರೂ ಸರಿ. ಎಲ್ಲರನ್ನೂ ಒಂದೇ ತಕ್ಕಡೀಲಿ ತೂಗೋದು ಸರಿಯಲ್ಲ. ಸ್ಪೀಕರ್ ಹೊತ್ತು ಬರೋ ಗುಂಪು ಬೇರೆ, ಟ್ರೈಪಾಡ್ ಹೊತ್ತು ಬರೋ ಇಬ್ಬರು ಬೇರೆ. ಛಾಯಾಗ್ರಾಹಕರಿಗೆ ಅಂತ ಬೇರೆ ಪರವಾನಗಿ ಮಾಡಲಿ, ಶುಲ್ಕ ಹತ್ತು ಪಟ್ಟು ತಗೊಳ್ಳಲಿ, ಜೊತೆಗೆ ಗೈಡ್ ಕಳಿಸಲಿ, ಒಂದು ರಾತ್ರಿ ಮೇಲಿರೋಕೆ ಬಿಡಲಿ. ದಿನಕ್ಕೆ ನಾಲ್ಕು ಜನ ಸಾಕು. ಕಾಡಿಗೆ ಏನಾಗುತ್ತೆ?

ಸೋಮವಾರಪೇಟೆ ಮಳೆ · ನವೆಂಬರ್ 18, ಬೆಳಿಗ್ಗೆ 9:02

@ರಿಂಗ್ ರೋಡ್ ಚಾರಣಿಗ, ಏನಾಗುತ್ತೆ ಅಂತ ನಾನು ಹೇಳ್ತೀನಿ ಕೇಳಿ. ನಮ್ಮ ಊರು ಬೆಟ್ಟದ ಆ ಕಡೆ, ಬೀದಳ್ಳಿಗೆ ಹತ್ತಿರ. ನಮ್ಮ ಕಡೆಯಿಂದ ತುದಿಗೆ ಸುಮಾರು ಏಳು ಕಿಲೋಮೀಟರ್, ಕುಕ್ಕೆ ದಾರಿಯ ಅರ್ಧ. ಟೆಂಟ್ ಹಾಕೋಕೆ ಬಿಡ್ತಿದ್ದ ಕಾಲದಲ್ಲಿ ನಮ್ಮ ಸಂಬಂಧಿಕರೊಬ್ಬರು ಅರಣ್ಯದಲ್ಲಿ ವಾಚರ್ ಕೆಲಸ ಮಾಡ್ತಿದ್ದರು. ರಜೆ ಮುಗಿದ ಸೋಮವಾರ ಅವರ ಕೆಲಸ ಏನು ಗೊತ್ತಾ? ಗೋಣಿಚೀಲ ತಗೊಂಡು ಹೋಗಿ ಬಾಟಲಿ, ನೂಡಲ್ಸ್ ಪ್ಯಾಕೆಟ್ಟು, ಹರಿದ ಚಪ್ಪಲಿ ಆರಿಸಿ ಬೆನ್ನ ಮೇಲೆ ಹೊತ್ತು ಇಳಿಸೋದು. ಮೇಲೆ ಶೋಲಾದೊಳಗೆ ಸೌದೆಗೆ ಮುರಿದ ಗಿಡಗಳು. ಆ ಕುಳ್ಳ ಮರ ಒಂದು ಆಳೆತ್ತರ ಆಗೋಕೆ ಎಷ್ಟು ವರ್ಷ ಬೇಕೋ ಏನೋ, ಗಾಳಿಗೆ ಬಾಗಿ ಬಾಗಿ ಬೆಳೆಯೋದು ಅದು.

ಇನ್ನೊಂದು ಮಾತು. ಈ ಬೆಟ್ಟ ಇರೋ ಪುಷ್ಪಗಿರಿ ವನ್ಯಧಾಮ ಬರೀ ನೂರು ಚದರ ಕಿಲೋಮೀಟರ್ ಚಿಲ್ಲರೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಆನೆ ರಾತ್ರಿ ಓಡಾಡೋ ದಾರಿ ನಿಮ್ಮ ಟ್ರೈಪಾಡ್ ಇಡೋ ದಾರಿ ಒಂದೇ ಆದರೆ ಹತ್ತು ಪಟ್ಟು ಶುಲ್ಕ ಕಟ್ಟಿದ ರಸೀದಿ ಆನೆಗೆ ತೋರಿಸ್ತೀರಾ?

ರಿಂಗ್ ರೋಡ್ ಚಾರಣಿಗ · ನವೆಂಬರ್ 18, ಬೆಳಿಗ್ಗೆ 9:20

ರಸೀದಿ ಮಾತು ಚೆನ್ನಾಗಿತ್ತು, ನಕ್ಕೆ. ಆದರೂ ಅಷ್ಟೊಂದು ಜನ ಹಗಲು ಹತ್ತಬಹುದು, ನಾಲ್ಕು ಜನ ರಾತ್ರಿ ಇರಬಾರದು ಅನ್ನೋದು ನನಗೆ ಇನ್ನೂ ಒಗ್ಗಲ್ಲ.

ಸುಳ್ಯದ ಅಡಿಕೆ · ನವೆಂಬರ್ 18, ಬೆಳಿಗ್ಗೆ 9:48

ನಾಲ್ಕು ಅಂತ ಶುರು ಆಗ್ತದೆ ಮಾರಾಯ್ರೆ, ನಾನೂರಕ್ಕೆ ನಿಲ್ತದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಆದದ್ದು ಮರ್ತೋಯ್ತಾ? ಆ ವೀಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಗುಡ್ಡದ ಏಣಿನಲ್ಲಿ ಇರುವೆ ಸಾಲಿನ ಹಾಗೆ ಜನ, ಚಂಪಾಷಷ್ಠಿಗೆ ತೇರು ಎಳೀಲಿಕ್ಕೆ ನಿಂತ ಹಾಗೆ. ಆಮೇಲೆ ಚಾರಣವೇ ಬಂದ್ ಆಯ್ತು. ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಬಂದದ್ದು ಅದರ ನಂತರ. ಈಗ ಅರಣ್ಯ ವಿಹಾರ ಜಾಲತಾಣದಲ್ಲಿ ಚೀಟಿ ಮಾಡಿಯೇ ಹೋಗ್ಬೇಕಲ್ಲ, ಅದು ಆ ಜಾತ್ರೆಯ ಪ್ರಸಾದ.

ಹೊಸಬ · ನವೆಂಬರ್ 18, ಮಧ್ಯಾಹ್ನ 1:10

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಹತ್ತಿರ ಬರೀ ಮೊಬೈಲ್ ಇದೆ. ಅದರಲ್ಲಿ ಆಗುತ್ತಾ? ಮತ್ತೆ ಮೇ ತಿಂಗಳ ರಜೆಯಲ್ಲಿ ಹೋಗಬಹುದಾ? ಇಂಬಳ (ಜಿಗಣೆ) ತುಂಬಾ ಇರುತ್ತಾ?

ಸೋಮವಾರಪೇಟೆ ಮಳೆ · ನವೆಂಬರ್ 18, ಮಧ್ಯಾಹ್ನ 1:34

ಮೇ ತಿಂಗಳು ಬೇಡ. ಬೇಸಿಗೇಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಅಂತ ಮುಚ್ಚಿರ್ತಾರೆ, ಮಳೆಗಾಲದಲ್ಲಿ ಜಾರಿಕೆ ಅಂತ ಮುಚ್ಚಿರ್ತಾರೆ. ತೆರೆಯೋ ತಾರೀಕು ವರ್ಷ ವರ್ಷ ಹಿಂದೆ ಮುಂದೆ ಆಗುತ್ತೆ, ಕೇಳಿಕೊಂಡೇ ಹೊರಡಿ. ಮಳೆ ನಿಂತ ಹೊಸದರಲ್ಲಿ ಹೋದರೆ ಹಸಿರು ಸಿಗುತ್ತೆ, ಇಂಬಳವೂ ಸಿಗುತ್ತೆ. ಡಿಸೆಂಬರಿಗೆ ಇಂಬಳ ಕಡಿಮೆ, ಹುಲ್ಲು ಹೊಂಬಣ್ಣ. ಕಾಲಿಗೆ ಸುಣ್ಣ-ಹೊಗೆಸೊಪ್ಪು ಹಚ್ಚಿ. ಕಚ್ಚಿದ್ದನ್ನ ಎಳೆದು ಕೀಳಬೇಡಿ, ಉಪ್ಪು ತಾಗಿಸಿದರೆ ತಾನೇ ಬೀಳುತ್ತೆ.

ಮೊಬೈಲ್ ಧಾರಾಳ ಸಾಕು. ನೀರು ಮರೀಬೇಡಿ, ಅದು ಮೊಬೈಲಿಗಿಂತ ಮುಖ್ಯ. ಮಂಟಪದ ಹತ್ತಿರದ ಒರತೆ ಚಳಿಗಾಲ ಕಳೆದಂತೆ ಬತ್ತುತ್ತೆ.

ರೋಲ್ ಫಿಲ್ಮ್ ಮೇಷ್ಟ್ರು · ನವೆಂಬರ್ 18, ರಾತ್ರಿ 9:15

ಹರಿಹರದವರೇ, ತಮ್ಮ ಚಿತ್ರಗಳನ್ನು ಎರಡು ಸಲ ನೋಡಿದೆ. ಮೈಸೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ಹಾಗಾಗಿ ಕಡ್ಡಿ ಹಿಡಿದೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ತಾವು ಮಧ್ಯಾಹ್ನವನ್ನು ಶತ್ರು ಮಾಡಿಕೊಂಡಿದ್ದೀರಿ. ಯಾವ ತಿಂಗಳ ಮಧ್ಯಾಹ್ನ ಎಂದು ಕೇಳಿಕೊಂಡಿದ್ದೀರಾ? ಕುಮಾರ ಪರ್ವತ ಇರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯ ಅಲ್ಲಿ ನೆಟ್ಟಗೆ ನೆತ್ತಿಯ ಮೇಲೆ. ಬೆಂಗಳೂರಿನಲ್ಲಿ ಮಕ್ಕಳು ಶೂನ್ಯ ನೆರಳಿನ ದಿನ ಎಂದು ಕೋಲು ನೆಡುವುದು ಅದೇ ವಾರ. ಆದರೆ ಡಿಸೆಂಬರ್ 21ರ ಸುತ್ತಮುತ್ತ ನಡುಹಗಲಿನ ಸೂರ್ಯ ಏರುವುದು 54 ಡಿಗ್ರಿಗೆ ಮಾತ್ರ. ಒಂದು ಮೀಟರ್ ಕೋಲು ನೆಟ್ಟರೆ ಮುಕ್ಕಾಲು ಮೀಟರಿಗೆ ಹತ್ತಿರದ ನೆರಳು, ಅದೂ ಉತ್ತರಕ್ಕೆ. ಅಂದರೆ ಏನಾಯಿತು? ತಾವು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿದರೆ ಬೆಳಕು ಪಕ್ಕದಿಂದ ಬೀಳುತ್ತದೆ. ಗುಡ್ಡದ ಮಡಿಕೆಗಳು ಆಗ ಎದ್ದು ಕಾಣುತ್ತವೆ. ತಮ್ಮ 8ನೇ ಚಿತ್ರ ಉತ್ತರಕ್ಕೆ ತೆಗೆದದ್ದು, ಬೆನ್ನ ಹಿಂದೆ ಸೂರ್ಯ. ಅದಕ್ಕೇ ಪಾಸ್‌ಪೋರ್ಟ್.

ಪೋಲರೈಸರ್ ಎಂಬ ಗಾಜಿನ ಫಿಲ್ಟರ್ ಒಂದನ್ನು ಕೊಳ್ಳಿ. ಸೂರ್ಯನಿಗೆ ಲಂಬವಾದ ದಿಕ್ಕಿನಲ್ಲಿ ಅದರ ಕೆಲಸ ಗರಿಷ್ಠ, ಮಬ್ಬು ಸೀಳಿ ಹುಲ್ಲಿನ ಹೊಳಪು ಇಳಿಸುತ್ತದೆ. ಅದು ಯಾವ ದಿಕ್ಕು? ಮತ್ತೆ ಅದೇ ಪೂರ್ವ, ಪಶ್ಚಿಮ.

ಇನ್ನು ಬಣ್ಣ ಬಿಟ್ಟು ನೋಡಿ. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪಿನ ವನ್ಯಜೀವಿ ಚಿತ್ರಗಳಿಗೂ ಅಷ್ಟೇ ಹೆಸರಾದವರು. ಕಡು ಬಿಸಿಲು ಬಣ್ಣದ ಚಿತ್ರಕ್ಕೆ ಶಾಪ, ಕಪ್ಪು ಬಿಳುಪಿಗೆ ಎಷ್ಟೋ ಸಲ ವರ.

ಹರಿಹರದ ಅಲೆಮಾರಿ · ನವೆಂಬರ್ 18, ರಾತ್ರಿ 10:03

ಸರ್, 8ನೇದು ಉತ್ತರಕ್ಕೇ ತೆಗೆದಿದ್ದು! ಫೋನಿನ ದಿಕ್ಸೂಚಿ, ನಕ್ಷೆ ಎರಡೂ ಇಟ್ಟುಕೊಂಡು ಈಗ ನೋಡಿದೆ. ನೀವು ನೆರಳು ನೋಡಿ ಹೇಳಿದ್ದಾ?

ರೋಲ್ ಫಿಲ್ಮ್ ಮೇಷ್ಟ್ರು · ನವೆಂಬರ್ 18, ರಾತ್ರಿ 10:11

ತಮ್ಮದೇ ತಲೆಯ ನೆರಳು ಚಿತ್ರದ ಕೆಳತುದಿಯಲ್ಲಿ ಬಿದ್ದಿದೆ. ಟೋಪಿಯ ಸಮೇತ.

ಧಾರವಾಡ ಪೇಡೆ · ನವೆಂಬರ್ 18, ರಾತ್ರಿ 10:15

😂😂 ಮೇಷ್ಟ್ರ ಕಣ್ಣಿಗೆ ನಮಸ್ಕಾರ ಹೊಡೀರಪಾ ಎಲ್ಲಾರೂ.

ಧಾರವಾಡ ಪೇಡೆ · ನವೆಂಬರ್ 19, ಬೆಳಿಗ್ಗೆ 7:40

ರಾತ್ರಿ ಮಲಕೊಂಡು ವಿಚಾರ ಮಾಡಿದೆ. ಇನ್ನೊಂದು ಮಾತು ಅದ. ಮೋಡ ಬಂತಂದ್ರ ಎಲ್ಲಾರೂ ಕ್ಯಾಮೆರಾ ಚೀಲದಾಗ ಹಾಕ್ತಾರ. ನಾನು ಆವಾಗ ತೆಗೀತೀನಿ. ಬಿಸಿಲು ಮೋಡದ ತೂತಿನಿಂದ ಬಂದು ಗುಡ್ಡದ ಮ್ಯಾಲೆ ಕಂಬಳಿ ಎಳದಂಗ ಓಡ್ತದಲ್ರಿ, ಅದಕ್ಕ ಮುಂಜಾನೆ ಸಂಜಿ ಅಂತಿಲ್ಲ. ಕುದುರೆಮುಖದಾಗ ಹೋದ ವರ್ಷ ಒಂದೇ ಜಾಗಾದಾಗ ಮುಕ್ಕಾಲು ತಾಸು ಕುಂತು ಹನ್ನೊಂದು ಫೋಟೊ ತಗದೆ. ಒಂದರಾಗ ಬೆಳಕು ಒಂಟಿ ಮರದ ಮ್ಯಾಲೆ ಅಷ್ಟ ಬಿದ್ದದ, ಸುತ್ತಲೂ ಎಲ್ಲಾ ಕಪ್ಪು. ಗಂಟೆ ಎಷ್ಟು ಗೊತ್ತೇನ್ರಿ? 12:20.

ಅಲ್ಲೂ ಸಂಜಿ ಒಳಗ ಇಳೀಬೇಕು, ಅಲ್ಲೂ ಟೆಂಟ್ ಇಲ್ಲ. ಆದ್ರ ಆಕಾಶದ ಮ್ಯಾಲೆ ಒಂದು ಸ್ಟಾಪು ಕಡಿಮಿ, ಅಂದ್ರ ಬೆಳಕು ಅರ್ಧಕ್ಕ ಇಳಿಸಿ ತೆಗೀರಿ, ನೆರಳು ಆಮ್ಯಾಲೆ ಎಬ್ಬಿಸಬಹುದು, ಸುಟ್ಟ ಬಿಳಿ ಏನ್ ಮಾಡಿದ್ರೂ ತಿರುಗಿ ಬರಂಗಿಲ್ಲ. ನಿಮ್ಮ 3ನೇ ಚಿತ್ರದ ಕಥಿ ಅದ.

ಹೊಸಬ · ನವೆಂಬರ್ 19, ಬೆಳಿಗ್ಗೆ 10:22

ಕ್ಯಾಮೆರಾ ಕೊಳ್ಳಬೇಕು ಅಂತ ಆಸೆ ಹುಟ್ಟಿತು ಈ ಚರ್ಚೆ ಓದಿ. ನಮ್ಮ ಮನೆ ಉಡುಪಿಯಲ್ಲಿ. ಅಪ್ಪ ಹೇಳ್ತಾರೆ ಇಲ್ಲಿನ ಹವೆಗೆ ಕ್ಯಾಮೆರಾಕ್ಕೆ ಬೂಸಲು ಹಿಡಿಯುತ್ತೆ, ದುಡ್ಡು ದಂಡ ಅಂತ.

ಸುಳ್ಯದ ಅಡಿಕೆ · ನವೆಂಬರ್ 19, ಬೆಳಿಗ್ಗೆ 11:00

ಅಪ್ಪ ಹೇಳಿದ್ದು ಸರಿ. ನನ್ನ ಭಾವನ ಲೆನ್ಸಿನ ಒಳಗೆ ಜೇಡರ ಬಲೆ ಹಾಗೆ ಬೂಸಲು ಬಂದಿತ್ತು, ಒಂದೇ ಮಳೆಗಾಲದಲ್ಲಿ. ಅವ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದ, ಬಹಳ ಜೋಪಾನ ಮಾಡಿದ್ದು! ಗಾಳಿ ಆಡದ ಚರ್ಮದ ಚೀಲದಷ್ಟು ಬೂಸಲಿಗೆ ಇಷ್ಟ ಬೇರೆ ಇಲ್ಲ.

ಅಡುಗೆ ಮನೆಯ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಅದರೊಳಗೆ ಸಿಲಿಕಾ ಜೆಲ್ ಹಾಕಿ. ನೀಲಿ ಬಣ್ಣದ್ದು ಸಿಗ್ತದೆ, ತೇವ ಹೀರಿದ ಮೇಲೆ ಗುಲಾಬಿ ಆಗ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದ್ರೆ ಮತ್ತೆ ನೀಲಿ. ಆದ್ರೆ ಆ ಬಾಣಲೆ ಮತ್ತೆ ಅಡುಗೆಗೆ ಬೇಡ, ಹಳೇದು ಒಂದು ಬೇರೆ ಇಡಿ. ಅಮ್ಮನಿಗೆ ಹೇಳದೆ ಮಾಡ್ಬೇಡಿ. ವಾರಕ್ಕೊಮ್ಮೆ ಕ್ಯಾಮೆರಾ ಹೊರಗೆ ತೆಗೆದು ನಾಲ್ಕು ಫೋಟೊ ತೆಗೀರಿ, ಅಂಗಳದ ಬೆಕ್ಕಿದ್ದಾದ್ರೂ ಆದೀತು.

ಇನ್ನೊಂದು: ಎ.ಸಿ. ಬಸ್ಸಿನಿಂದ ಇಳಿದ ಕೂಡ್ಲೇ ಕ್ಯಾಮೆರಾ ಹೊರಗೆ ತೆಗೀಬೇಡಿ. ತಣ್ಣಗಿನ ಗಾಜಿಗೆ ನಮ್ಮ ಸೆಕೆ ಗಾಳಿ ತಾಗಿದ್ರೆ ಪಾನಕದ ಲೋಟದ ಹಾಗೆ ಬೆವರ್ತದೆ. ಅರ್ಧ ಗಂಟೆ ಚೀಲದೊಳಗೇ ಇರ್ಲಿ.

ರಿಂಗ್ ರೋಡ್ ಚಾರಣಿಗ · ನವೆಂಬರ್ 19, ಸಂಜೆ 6:50

ಮೇಷ್ಟ್ರ ಲೆಕ್ಕ ಒಪ್ಪಿದೆ. ಆದರೂ ಮೂಲ ಪ್ರಶ್ನೆ ಹಾಗೇ ಉಳೀತು. ಕುಮಾರ ಪರ್ವತದ ಮೇಲೆ ಮುಂಜಾನೆ ಬೆಳಕು ಹೇಗಿರುತ್ತೆ ಅಂತ ಇನ್ನು ಯಾರೂ ತೆಗೆಯೋಕೇ ಆಗಲ್ವಾ? ಡ್ರೋನ್ ಅಂತ ಹೇಳೋಣ ಅಂದರೆ ವನ್ಯಧಾಮದಲ್ಲಿ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ.

ಸುಳ್ಯದ ಅಡಿಕೆ · ನವೆಂಬರ್ 19, ಸಂಜೆ 7:25

ನಾನು ಎರಡು ದಿನದಿಂದ ಇದನ್ನೇ ಓದ್ತಾ ಇದ್ದೇನೆ, ಈಗ ಕೇಳ್ತೇನೆ. ಬೆಟ್ಟದ ಫೋಟೊ ತೆಗೀಲಿಕ್ಕೆ ಬೆಟ್ಟದ ತಲೆ ಮೇಲೆ ಯಾಕೆ ಹತ್ಬೇಕು? ಅಲ್ಲಿಂದ ಕಾಣೋದು ಬೇರೆ ಬೆಟ್ಟ. ನೀವು ಎಷ್ಟು ಸಲ ಹತ್ತಿದ್ರೂ ಕುಮಾರ ಪರ್ವತ ಮಾತ್ರ ನಿಮ್ಮ ಫೋಟೊದಲ್ಲಿ ಇರ್ಲಿಕ್ಕಿಲ್ಲ, ನೀವು ಅದರ ಮೇಲೇ ನಿಂತಿದ್ದೀರಲ್ಲ!

ನಾವು ಸಣ್ಣದಿರುವಾಗಿಂದ ಅದನ್ನು ಕೆಳಗಿಂದ ನೋಡಿದವರು. ಕುಕ್ಕೆಯಿಂದ ಬೆಟ್ಟ ಮೂಡಣಕ್ಕೆ ಇರೋದು. ಬೆಳಿಗ್ಗೆ ಸೂರ್ಯ ಅದರ ಹಿಂದಿಂದ ಬರೋದ್ರಿಂದ ನಮಗೆ ಬರೀ ಕಪ್ಪು ಗೆರೆ. ಸಂಜೆ ಐದು ಗಂಟೆ ಮೇಲೆ ನೋಡ್ಬೇಕು ನೀವು, ಪಡುವಣದ ಬಿಸಿಲು ಇಡೀ ಮೈಗೆ ಬೀಳ್ತದೆ. ಮಳೆ ಬಂದು ಬಿಟ್ಟ ಸಂಜೆಯಾದ್ರೆ ಗದ್ದೆಯ ನೀರಲ್ಲೂ ಒಂದು ಬೆಟ್ಟ. ಕುಮಾರಧಾರೆಯ ಸ್ನಾನಘಟ್ಟದ ಹತ್ತಿರ ಎಲ್ಲ ತೀರ್ಥಸ್ನಾನಕ್ಕೆ ಇಳೀತಾರೆ, ಒಬ್ಬನಾದ್ರೂ ತಲೆ ಎತ್ತಿ ನೋಡೋದು ಕಾಣ್ಲಿಲ್ಲ ನಾನು.

ಸೋಮವಾರಪೇಟೆ ಮಳೆ · ನವೆಂಬರ್ 19, ರಾತ್ರಿ 8:10

ಅಡಿಕೆಯವರು ಸರಿಯಾಗಿ ಹೇಳಿದರು. ನಮ್ಮ ಕಡೆಯಿಂದ ಮುಂಜಾನೆ ಬೆಳಕು, ಅವರ ಕಡೆಯಿಂದ ಸಂಜೆ ಬೆಳಕು. ಬೆಟ್ಟ ನಡುವೆ ನಿಂತು ಎರಡು ಜಿಲ್ಲೆಗೂ ಪಾಲು ಮಾಡಿ ಕೊಟ್ಟಿದೆ. ಮಲ್ಲಳ್ಳಿ ಜಲಪಾತಕ್ಕೆ ಬರೋರು ಅದೇ ಕುಮಾರಧಾರೆ ಅಂತ ತಿಳಿಯದೇ ಸೆಲ್ಫಿ ತಗೊಂಡು ಹೋಗ್ತಾರೆ. ಕುಕ್ಕೆಯಲ್ಲಿ ಸ್ನಾನ ಮಾಡೋ ನೀರು ನಮ್ಮಲ್ಲಿ ಧುಮುಕಿ ಬಂದದ್ದು ಸ್ವಾಮಿ. ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರೋವರೆಗೂ ಅದೇ ಹೊಳೆ.

ರೋಲ್ ಫಿಲ್ಮ್ ಮೇಷ್ಟ್ರು · ನವೆಂಬರ್ 19, ರಾತ್ರಿ 9:30

ಬಿಸ್ಲೆಯನ್ನು ಯಾರೂ ಹೇಳಲಿಲ್ಲವಲ್ಲ! ಸುಬ್ರಹ್ಮಣ್ಯದಿಂದ ಬಿಸ್ಲೆ ಘಾಟಿ ಹತ್ತಿದರೆ ಸಕಲೇಶಪುರ ತಾಲ್ಲೂಕು. ಅಲ್ಲಿನ ವೀಕ್ಷಣಾ ಸ್ಥಳದಿಂದ ಕಣಿವೆಯ ಆಚೆ ದಕ್ಷಿಣಕ್ಕೆ ಈ ಬೆಟ್ಟಸಾಲು. ದಕ್ಷಿಣಕ್ಕೆ ನೋಡುವಾಗ ಬೆಳಗಿನ ಬಿಸಿಲು ಎಡದಿಂದ, ಸಂಜೆಯದು ಬಲದಿಂದ. ಎರಡು ಹೊತ್ತೂ ಪಕ್ಕದ ಬೆಳಕು! ತಮ್ಮ 55-250 ಲೆನ್ಸನ್ನು ಅಲ್ಲಿ ಪೂರ್ತಿ ಚಾಚಿ ನೋಡಿ. ದೂರದ ಲೆನ್ಸು ಬೆಟ್ಟಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟಂತೆ ತೋರಿಸುತ್ತದೆ. ಹಿಂದಿನ ಸಾಲು ಮುಂದಿನದಕ್ಕಿಂತ ತೆಳು, ಅದರ ಹಿಂದಿನದು ಇನ್ನೂ ತೆಳು. ನಡುವೆ ಇರುವ ಗಾಳಿಯೇ ಅಲ್ಲಿ ಬಣ್ಣ.

ಆ ಕಡೆಗೆ ಹೋದಾಗ ರಸ್ತೆ ಬದಿಯ ಜಲವಿಭಜಕದ ಗುರುತಿನ ಕಲ್ಲನ್ನೂ ನೋಡಿ ಬನ್ನಿ. ಒಂದು ಬದಿಗೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಯದು ಬಂಗಾಳ ಕೊಲ್ಲಿಗೆ. 1986ರಲ್ಲಿ ವಿದ್ಯಾರ್ಥಿಗಳನ್ನು ಕರೆದೊಯ್ದಿದ್ದಾಗ ಒಬ್ಬ ಹುಡುಗ ಅಲ್ಲಿ ನಿಂತು ಮಾಡಿದ ಕೆಲಸವನ್ನು ಇಲ್ಲಿ ಬರೆಯುವಂತಿಲ್ಲ. ಎರಡೂ ಸಮುದ್ರಕ್ಕೆ ಸಮನಾಗಿ ಹಂಚಿದೆ ಸಾರ್ ಎಂದಿದ್ದ.

ಹರಿಹರದ ಅಲೆಮಾರಿ · ನವೆಂಬರ್ 19, ರಾತ್ರಿ 10:48

ಮೂರು ಸಲ ಹತ್ತಿದೆ, ಒಂದು ಸಲವೂ ತಿರುಗಿ ನೋಡಲಿಲ್ಲ. ಕುಕ್ಕೆಯಲ್ಲಿ ಇಳಿದ ಸಂಜೆಯೆಲ್ಲ ನಾನು ಮಾಡಿದ್ದು ರೂಮಲ್ಲಿ ಬ್ಯಾಟರಿ ಚಾರ್ಜ್ ಹಾಕಿ ಮಲಗಿದ್ದು. ಡಿಸೆಂಬರಲ್ಲಿ ಬಿಸ್ಲೆಗೆ ಹೋಗ್ತೀನಿ. ಈ ಸಲ ಮನೆಯವರನ್ನೂ ಕರ್ಕೊಂಡು, ಲೆನ್ಸಿನ ವಿಷಯ ದಾರಿಯಲ್ಲಿ ಹೇಳ್ತೀನಿ.

ಹರಿಹರದ ಅಲೆಮಾರಿ · ಡಿಸೆಂಬರ್ 23, ರಾತ್ರಿ 9:55

ವರದಿ ಒಪ್ಪಿಸ್ತಿದ್ದೀನಿ.

ಮೊದಲ ಸಂಜೆ ಪೂರ್ತಿ ಮಂಜು, ಕೈ ಚಾಚಿದರೆ ಕೈ ಕಾಣಲ್ಲ. ಮಗಳು "ಅಪ್ಪಾ, ಬೆಟ್ಟ ಎಲ್ಲಿ?" ಅಂತ ಹತ್ತು ಸಲ ಕೇಳಿದಳು. ಮಾರನೇ ದಿನ ಗೇಟು ತೆರೆಯೋ ಹೊತ್ತು ಮೊದಲೇ ಕೇಳಿಕೊಂಡು ಹೋಗಿ ನಿಂತೆವು. ಚಳಿ. ಕಣಿವೆ ತುಂಬಾ ಮೋಡ, ಅಲುಗಾಡದೆ ಹೆಪ್ಪು ಹಾಕಿದ ಮೊಸರಿನ ಹಾಗೆ. ಎಡಗಡೆಯಿಂದ ಬಿಸಿಲು ಬಂತು ನೋಡಿ, ಮೊದಲು ಗುಡ್ಡದ ಒಂದು ಅಂಚಿಗೆ, ಆಮೇಲೆ ಅದರ ಕೆಳಗಿನ ಹುಲ್ಲಿಗೆ. ಹುಲ್ಲು ಹೊತ್ತಿಕೊಂಡ ಹಾಗೆ ಕೆಂಪಾಯಿತು. ನಾಲ್ಕೈದು ನಿಮಿಷ ಅಷ್ಟೇ, ಆಮೇಲೆ ಮೋಡ ಎದ್ದು ಎಲ್ಲ ನುಂಗಿತು. ಇಪ್ಪತ್ತಾರು ಫೋಟೊ ತೆಗೆದೆ, ಮೂರು ಹಾಕಿದ್ದೀನಿ. ಆಕಾಶ ಸುಟ್ಟಿಲ್ಲ, ಪೇಡೆಯವರು ಗಮನಿಸಬೇಕು. ನನ್ನ ನೆರಳೂ ಇಲ್ಲ, ಮೇಷ್ಟ್ರು ಗಮನಿಸಬೇಕು.

ಲೆನ್ಸಿನ ಬೆಲೆ ಕೇಳಿ ಮನೆಯವರು ಏನೂ ಹೇಳಲಿಲ್ಲ. ಅದೇ ಭಯ ಈಗ.

ಚಿತ್ರ 10: ಕುಮಾರ ಪರ್ವತ, ಬೆಳಗಿನ ಬಿಸಿಲು.
ಚಿತ್ರ 11: ಅದೇ, ಎರಡು ನಿಮಿಷದ ನಂತರ.
ಚಿತ್ರ 12: ಮೋಡ ಏಳುವಾಗ.

ರೋಲ್ ಫಿಲ್ಮ್ ಮೇಷ್ಟ್ರು · ಡಿಸೆಂಬರ್ 23, ರಾತ್ರಿ 10:20

ಭೇಷ್. 11ನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಿ. ಲೆನ್ಸಿನ ಲೆಕ್ಕವೂ ಅದರಲ್ಲೇ ಚುಕ್ತಾ ಆಗಬಹುದು.

ಸುಳ್ಯದ ಅಡಿಕೆ · ಡಿಸೆಂಬರ್ 23, ರಾತ್ರಿ 10:44

ಫೋಟೊ ಭಾರೀ ಲಾಯ್ಕ ಉಂಟು. ಒಂದು ವಿಷಯ ಹೇಳ್ಬೇಕಾ ಬೇಡ್ವಾ ಅಂತ ಆಲೋಚನೆ ಮಾಡ್ತಾ ಇದ್ದೇನೆ.

ಹರಿಹರದ ಅಲೆಮಾರಿ · ಡಿಸೆಂಬರ್ 23, ರಾತ್ರಿ 10:46

ಹೇಳಿ ಹೇಳಿ.

ಸುಳ್ಯದ ಅಡಿಕೆ · ಡಿಸೆಂಬರ್ 23, ರಾತ್ರಿ 10:58

ಅಲ್ಲಿಂದ ಕಾಣೋದು ಒಂದೇ ಬೆಟ್ಟ ಅಲ್ಲ. ದೊಡ್ಡಬೆಟ್ಟ, ಪಟ್ಟ ಬೆಟ್ಟ, ಏಣಿಕಲ್ಲು ಬೆಟ್ಟ ಅಂತ ಸಾಲೇ ಉಂಟು. ನೀವು 10 ಮತ್ತು 11ರಲ್ಲಿ ಕುಮಾರ ಪರ್ವತ ಅಂತ ಹೆಸರು ಬರೆದದ್ದು ಎದುರಿನ ಗುಡ್ಡ. ಕುಮಾರ ಪರ್ವತ ಅದರ ಹಿಂದೆ, ಮೋಡದೊಳಗೆ. 12ರಲ್ಲಿ ಮೇಲೆ ಬಲಬದಿಗೆ ಸ್ವಲ್ಪ ಕಪ್ಪಾಗಿ ಕಾಣ್ತದಲ್ಲ, ಅದೇ ಇರ್ಬೇಕು.

ಹರಿಹರದ ಅಲೆಮಾರಿ · ಡಿಸೆಂಬರ್ 23, ರಾತ್ರಿ 11:06

ನಾನು ಅದನ್ನ ಲೆನ್ಸಿನ ಮೇಲಿನ ಧೂಳು ಅಂದುಕೊಂಡು ಅಳಿಸೋಕೆ ಹೊರಟಿದ್ದೆ.